ರಾಂಟ್‌ಜನ್ ಮತ್ತು ಭುಜದ ನೋವು

ಎಕ್ಸ್-ಕಿರಣಗಳನ್ನು ಕಂಡುಹಿಡಿದ ವಿಲ್‌ಹೆಲ್ಮ್ ಕಾನ್ರಾಡ್ ರಾಂಟ್‌ಜನ್ ಅವರು 1845ರ ಮಾರ್ಚ್ 27ರಂದು ಜರ್ಮನಿಯ ಲೆನೆಪ್‌ನಲ್ಲಿ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಜನಿಸಿದರು. ಅವರಿಗೆ ಮೂರು ವರ್ಷವಾದಾಗ ಕುಟುಂಬ ನೆದರ್ಲೆಂಡ್ಸ್‌ಗೆ ಹೋಗಿ ನೆಲೆಸಿತು. ಮುಂದೆ ಉಟ್ರೆಕ್ಟ್‌ನ ತಾಂತ್ರಿಕ ಶಾಲೆಯಲ್ಲಿ ಓದುತ್ತಿದ್ದಾಗ, ಸಹಪಾಠಿಯೊಬ್ಬ ಶಿಕ್ಷಕರ ವ್ಯಂಗ್ಯಚಿತ್ರ ಬರೆದ. ಆರೋಪ ರಾಂಟ್‌ಜನ್ ಮೇಲೆ ಬಂತು. ಬರೆದವನ ಹೆಸರನ್ನು ಅವರು ಹೇಳಲಿಲ್ಲ. ಶಾಲೆ ಅವರನ್ನೇ ಹೊರಹಾಕಿತು.

ಶಾಲೆಯ ಪ್ರಮಾಣಪತ್ರವಿಲ್ಲದೆ ಉನ್ನತ ಶಿಕ್ಷಣ ಕಷ್ಟವಾಯಿತು. ಅಂಥವರಿಗೂ ಅವಕಾಶವಿದ್ದ ಜ್ಯೂರಿಚ್‌ನ ಪಾಲಿಟೆಕ್ನಿಕ್‌ಗೆ ಅವರು 1865ರಲ್ಲಿ ಸೇರಿದರು. 1869ರಲ್ಲಿ ಡಾಕ್ಟರೇಟ್ ಪಡೆದರು. ಆಗಸ್ಟ್ ಕುಂಟ್ ಎಂಬ ಪ್ರಾಧ್ಯಾಪಕರು ಅವರನ್ನು ಭೌತಶಾಸ್ತ್ರದತ್ತ ತಿರುಗಿಸಿದರು. 1888ರಲ್ಲಿ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1895ರ ನವೆಂಬರ್ 8ರ ಸಂಜೆ, ಕಪ್ಪು ರಟ್ಟು ಮುಚ್ಚಿದ ವಿದ್ಯುತ್ ವಿಸರ್ಜನಾ ನಳಿಕೆಯೊಂದಿಗೆ ಪ್ರಯೋಗ ಮಾಡುತ್ತಿದ್ದಾಗ, ದೂರದಲ್ಲಿದ್ದ ರಾಸಾಯನಿಕ ಲೇಪಿತ ಪರದೆ ಹೊಳೆಯಿತು. ಕಾರಣ ತಿಳಿಯಲು ವಾರಗಟ್ಟಲೆ ಒಬ್ಬರೇ ದುಡಿದರು. ಡಿಸೆಂಬರ್ 22ರಂದು ಪತ್ನಿ ಬರ್ತಾ ಅವರ ಕೈಯ ಚಿತ್ರ ತೆಗೆದರು. ಅದರಲ್ಲಿ ಬೆರಳಿನ ಮೂಳೆಗಳೂ ಉಂಗುರವೂ ಕಂಡವು. ಈ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಬಹುಮಾನ ಬಂದಾಗ ಹಣವನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ನಿಧನರಾದರು.

ಕಳೆದ ವರ್ಷ ನನ್ನ ಅಮ್ಮನಿಗೆ ಭುಜ ನೋವು ಬಂತು. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಅಮ್ಮ ನೋವನ್ನು ದೊಡ್ಡದು ಮಾಡುತ್ತಿದ್ದಾರೆ ಎಂದೇ ಮನೆಯವರೆಲ್ಲ ಭಾವಿಸಿದೆವು, ವಿಜ್ಞಾನ ಓದಿದ ನಾನೂ ಸೇರಿ. ತಪ್ಪು ನಮ್ಮದು. ಮೂಳೆಯಲ್ಲಿರುವ ಕ್ಯಾಲ್ಸಿಯಂ ಎಕ್ಸ್-ಕಿರಣಗಳನ್ನು ಹೆಚ್ಚು ಹೀರಿಕೊಳ್ಳುವುದರಿಂದ ಮೂಳೆ ಸ್ಪಷ್ಟವಾಗಿ ಕಾಣುತ್ತದೆ. ಮುರಿತ, ಕೀಲು ಜಾರಿರುವುದು, ಕೀಲಿನ ಸವೆತ, ಸುಣ್ಣಾಂಶದ ಶೇಖರಣೆ ಇವನ್ನು ಎಕ್ಸ್-ರೇ ತೋರಿಸಬಲ್ಲದು. ಆದರೆ ಭುಜದ ಕೀಲನ್ನು ಸುತ್ತುವರಿದ ಸ್ನಾಯುರಜ್ಜುಗಳ ಹರಿತವನ್ನು ನೇರವಾಗಿ ತೋರಿಸದು.

ನಂತರ ವೈದ್ಯರು ಅಲ್ಟ್ರಾಸೌಂಡ್ ಮಾಡಿಸಿದರು. ಭುಜಕ್ಕೆ ಜೆಲ್ ಸವರಿ, ಕೈಯನ್ನು ಹಿಂದೆ ಮುಂದೆ ಆಡಿಸಲು ಹೇಳಿ ನೋಡಿದರು. ಶಬ್ದದ ಪ್ರತಿಧ್ವನಿಯಿಂದ ಮೂಡಿದ ಚಿತ್ರದಲ್ಲಿ ಸ್ನಾಯುರಜ್ಜು ಸ್ವಲ್ಪ ಹರಿದಿರುವುದು ಕಂಡಿತು. ಅಲ್ಟ್ರಾಸೌಂಡ್‌ಗೂ ಮಿತಿಯಿದೆ. ಅದು ಮೂಳೆಯನ್ನು ದಾಟಿ ಒಳಗೆ ನೋಡಲಾರದು. ಆದ್ದರಿಂದ ಒಂದರಲ್ಲಿ ಕಾಣದ್ದಕ್ಕೆ ಇನ್ನೊಂದು ಬೇಕಾಗುತ್ತದೆ. ವೈದ್ಯರು ಮೊದಲು ರೋಗಿಯ ಮಾತು ಕೇಳಿ, ಕೈಯಿಂದ ಪರೀಕ್ಷಿಸುವುದೂ ಇದಕ್ಕಾಗಿಯೇ.

ಅಭ್ಯಾಸ ಬೋಧನೆಯಲ್ಲಿ ಎಕ್ಸ್-ಕಿರಣಗಳ ಪಾಠವನ್ನು ನಾನು ಉಟ್ರೆಕ್ಟ್‌ನ ಘಟನೆಯಿಂದ ಆರಂಭಿಸಿದೆ. ಮನೆಗೆಲಸ ಬರೆದಿಲ್ಲವೆಂದು, ಕಾರಣ ಕೇಳದೆ, ಹಿಂದಿನ ದಿನ ನಾನು ಹೊರಗೆ ನಿಲ್ಲಿಸಿದ್ದ ಹುಡುಗ ಎರಡನೇ ಬೆಂಚಿನಲ್ಲಿದ್ದ. ಪಾಠ ಮುಗಿದ ಮೇಲೆ ಅವನನ್ನು ಕರೆದು ಕಾರಣ ಕೇಳಿದೆ.