ಗಣಿತಾಚಾರ್ಯ ಶ್ರೀ ಮಹಾವೀರಾಚಾರ್ಯರು

ಜೈನ ಪರಂಪರೆಯಲ್ಲಿ ಸಿದ್ಧಾಂತ, ಪುರಾಣ, ವ್ಯಾಕರಣ, ವೈದ್ಯ ಮುಂತಾದ ಶಾಸ್ತ್ರಗಳೊಡನೆ ಗಣಿತಶಾಸ್ತ್ರವೂ ಪ್ರಾಚೀನ ಕಾಲದಿಂದ ಬೆಳೆದುಬಂದಿದೆ. ಲೋಕದ ಆಕಾರ, ದ್ವೀಪ-ಸಮುದ್ರಗಳ ವಿಸ್ತಾರ, ಕರ್ಮಪ್ರಕೃತಿಗಳ ಭೇದ, ಕಾಲದ ಪ್ರಮಾಣ ಇವೆಲ್ಲವನ್ನು ತಿಳಿಯಲು ಲೆಕ್ಕವು ಅವಶ್ಯಕವಾಗಿತ್ತು. ಸಿದ್ಧಾಂತ ಗ್ರಂಥಗಳಲ್ಲಿ ಹುದುಗಿದ್ದ ಈ ವಿದ್ಯೆಯನ್ನು ಪ್ರತ್ಯೇಕ ಶಾಸ್ತ್ರವಾಗಿ ರಚಿಸಿ, ವರ್ತಕ, ಕೃಷಿಕ, ಶಿಲ್ಪಿ, ವಿದ್ಯಾರ್ಥಿ ಎಲ್ಲರಿಗೂ ದೊರಕುವಂತೆ ಮಾಡಿದ ಮಹನೀಯರು ಶ್ರೀ ಮಹಾವೀರಾಚಾರ್ಯರು. ಭಗವಾನ್ ಮಹಾವೀರಸ್ವಾಮಿಯ ನಾಮವನ್ನು ಧರಿಸಿದ ಈ ಆಚಾರ್ಯರು ಭಗವಂತರ ನಿರ್ವಾಣದ ತರುವಾಯ ಸುಮಾರು ಸಾವಿರದ ನಾಲ್ಕುನೂರು ವರ್ಷಗಳಿಗೆ ಆಗಿಹೋದವರು.

ಇವರ ಕಾಲ ಕ್ರಿ.ಶ. ಒಂಬತ್ತನೆಯ ಶತಮಾನ. ಆಗ ಮಾನ್ಯಖೇಟವನ್ನು, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿಯಾಗಿ ಮಾಡಿಕೊಂಡು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ರಾಜ್ಯವಾಳಿದನು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿದೆಯೆಂದು ಸಾರಿದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಇಂದಿನ ಜತ್ತ ತಾಲೂಕಿನ ಭೂಮಿಯೂ ಆ ಎಲ್ಲೆಯ ಒಳಗಿನದೇ ಆಗಿದೆ. ಆಚಾರ್ಯ ವೀರಸೇನರ ಧವಲಾ ಟೀಕೆಯು 816ರಲ್ಲಿಯೂ, ಅವರ ಶಿಷ್ಯ ಜಿನಸೇನಾಚಾರ್ಯರಿಂದ ಜಯಧವಲಾ ಟೀಕೆಯು 837ರಲ್ಲಿಯೂ ಪೂರ್ಣಗೊಂಡವು. ಇಂತಹ ಜ್ಞಾನಸಮೃದ್ಧ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದರು. ತಮ್ಮ ಹುಟ್ಟೂರನ್ನಾಗಲಿ, ತಂದೆ-ತಾಯಿಗಳ ಹೆಸರನ್ನಾಗಲಿ ಅವರು ಗ್ರಂಥದಲ್ಲಿ ಬರೆದುಕೊಳ್ಳಲಿಲ್ಲ. ಜಿನೇಂದ್ರನಿಗೆ ವಂದಿಸಿ, ನೃಪತುಂಗನ ರಾಜ್ಯವು ಅಭಿವೃದ್ಧಿಯಾಗಲೆಂದು ಹಾರೈಸಿ, ಪೂರ್ವಾಚಾರ್ಯರ ಜ್ಞಾನಸಾಗರದಿಂದ ಸ್ವಲ್ಪವನ್ನು ಮಾತ್ರ ಆಯ್ದು ಕೊಡುತ್ತಿರುವುದಾಗಿ ವಿನಯದಿಂದ ತಿಳಿಸಿದ್ದಾರೆ. ಅವರ ಗ್ರಂಥವೇ ಅವರ ಜೀವನ ಚರಿತ್ರೆ.

ಗ್ರಂಥದಲ್ಲಿ ಸಾವಿರದ ನೂರಕ್ಕೂ ಮಿಕ್ಕಿ ಶ್ಲೋಕಗಳಿವೆ. ಅಳತೆ-ತೂಕಗಳ ಪರಿಭಾಷೆಯಿಂದ ಮೊದಲುಗೊಂಡು ಗುಣಾಕಾರ, ಭಾಗಾಕಾರ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಮತ್ತು ಮಿಶ್ರ ಲೆಕ್ಕ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಎಂದು ಕ್ರಮವಾಗಿ ಸಾಗುತ್ತದೆ. ಮೊದಲು ಸೂತ್ರ, ಬಳಿಕ ಉದಾಹರಣೆ, ಇದು ಅವರ ಬೋಧನಾ ಕ್ರಮ. ಉದಾಹರಣೆಗಳಲ್ಲಿ ಹೂವು, ಹಣ್ಣು, ದುಂಬಿ, ವ್ಯಾಪಾರಿಗಳು, ಜಿನಪೂಜೆಯ ಸಾಮಗ್ರಿ ಎಲ್ಲವೂ ಬರುತ್ತವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಪ್ರಾಚೀನರಲ್ಲಿ ಇವರು ಪ್ರಮುಖರು. ಅದಕ್ಕೆ ಕಾರಣವನ್ನೂ ಕೊಟ್ಟಿದ್ದಾರೆ: ಋಣಸಂಖ್ಯೆಯು ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ.

ಏಳನೆಯ ಅಧ್ಯಾಯವಾದ ಕ್ಷೇತ್ರಗಣಿತವು ಇಂದಿನ ಶಾಲೆಗಳ ಭೂಮಿತಿಗೆ ಸಮಾನವಾದುದು. ಇದರಲ್ಲಿ ತ್ರಿಭುಜ, ಚತುರ್ಭುಜ, ವೃತ್ತಗಳಲ್ಲದೆ ಜವೆಯ ಕಾಳು, ಮುರಜ, ಪಣವ, ವಜ್ರ, ಶಂಖ ಮೊದಲಾದವುಗಳ ಆಕಾರದ ಕ್ಷೇತ್ರಗಳೂ ಇವೆ. ಬಹು ಕಠಿಣವಾದ ಲೆಕ್ಕಗಳ ಒಂದು ಭಾಗಕ್ಕೆ ಆಚಾರ್ಯರು ಪೈಶಾಚಿಕ ವ್ಯವಹಾರವೆಂದೇ ಹೆಸರಿಟ್ಟಿರುವುದು ವಿದ್ಯಾರ್ಥಿಗಳ ಮನಸ್ಸನ್ನು ಅವರು ಎಷ್ಟು ಬಲ್ಲವರಾಗಿದ್ದರೆಂಬುದಕ್ಕೆ ಸಾಕ್ಷಿ.

ಈ ಅಧ್ಯಾಯದ ಹಿರಿಮೆಯು ಸ್ಥೂಲ ಮತ್ತು ಸೂಕ್ಷ್ಮ ಎಂಬ ವಿಂಗಡಣೆಯಲ್ಲಿದೆ. ವ್ಯವಹಾರಕ್ಕೆ ಬೇಗನೆ ಒದಗುವ ಲೆಕ್ಕ ಒಂದು, ನಿಜವಾದ ಲೆಕ್ಕ ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ಕಲಿಸಿ, ಒಂದನ್ನು ಇನ್ನೊಂದೆಂದು ಭ್ರಮಿಸದಂತೆ ಆಚಾರ್ಯರು ಎಚ್ಚರ ವಹಿಸಿದ್ದಾರೆ. 13, 14, 15 ಮಾರು ಬದಿಗಳುಳ್ಳ ಒಂದು ಮುಮ್ಮೂಲೆಯ ಹೊಲವನ್ನು ತೆಗೆದುಕೊಳ್ಳೋಣ. ಎರಡು ಬದಿಗಳ ಮೊತ್ತದ ಅರ್ಧವನ್ನು ಪಾದದ ಅರ್ಧದಿಂದ ಗುಣಿಸುವುದು ಸ್ಥೂಲ ರೀತಿ. 13 ಮತ್ತು 15ರ ಮೊತ್ತದ ಅರ್ಧ 14, ಪಾದ 14ರ ಅರ್ಧ 7, ಗುಣಲಬ್ಧ 98. ಈಗ ಎದುರಿನ ಮೂಲೆಯಿಂದ 14ರ ಬದಿಗೆ ಲಂಬವನ್ನು ಎಳೆದರೆ ಅದರ ಉದ್ದ 12 ಆಗುತ್ತದೆ, ಪಾದವು 5 ಮತ್ತು 9 ಎಂದು ಒಡೆಯುತ್ತದೆ. ಹೊಲವು ಎರಡು ಲಂಬಕೋನ ತ್ರಿಭುಜಗಳಾಗುತ್ತದೆ. ಪ್ರತಿಯೊಂದೂ ಒಂದು ಆಯತದ ಸರಿಯರ್ಧ. ಆದುದರಿಂದ ಒಂದು 30, ಮತ್ತೊಂದು 54, ಕೂಡಿದರೆ 84. ಸೂಕ್ಷ್ಮ ಸೂತ್ರದಿಂದಲೂ ಇದೇ ಉತ್ತರ ಬರುತ್ತದೆ. ಸ್ಥೂಲ ಲೆಕ್ಕವನ್ನು ನಂಬಿ ಈ ಹೊಲವನ್ನು ಕೊಂಡವನು ಇಲ್ಲದ 14 ಚದರ ಮಾರು ಭೂಮಿಗೆ ಹಣ ಕೊಟ್ಟಂತಾಯಿತು. ಅಳತೆಯಲ್ಲಿ ಸತ್ಯವಿರಬೇಕೆಂಬುದು ಶ್ರಾವಕರ ಅಚೌರ್ಯ ಅಣುವ್ರತಕ್ಕೂ ಸಂಬಂಧಿಸಿದ ವಿಷಯವಷ್ಟೆ.

ಜನ್ಯ ವ್ಯವಹಾರವೆಂಬ ಭಾಗದಲ್ಲಿ ಎರಡು ಬೀಜಸಂಖ್ಯೆಗಳಿಂದ ಭುಜ, ಕೋಟಿ, ಕರ್ಣಗಳನ್ನು ಉತ್ಪಾದಿಸುವ ಕ್ರಮವಿದೆ. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬದಿ, ಬೀಜಗಳ ಗುಣಲಬ್ಧದ ಇಮ್ಮಡಿ ಇನ್ನೊಂದು ಬದಿ, ವರ್ಗಗಳ ಮೊತ್ತ ಕರ್ಣ. 2 ಮತ್ತು 1 ಬೀಜಗಳಾದರೆ 3, 4, 5 ಬರುತ್ತವೆ. 3 ಮತ್ತು 2 ಆದರೆ 5, 12, 13 ಬರುತ್ತವೆ. ಇದು ಏಕೆ ಹೀಗೆ ಎಂಬುದನ್ನು ರಟ್ಟಿನ ತುಂಡುಗಳಿಂದ ಯಾವ ಶಿಕ್ಷಕರೂ ಮಕ್ಕಳಿಗೆ ತೋರಿಸಬಹುದು. ಬೀಜ 2 ಮತ್ತು 1ರ ವರ್ಗಗಳು 4 ಮತ್ತು 1. ಉದ್ದ 4, ಅಗಲ 1 ಇರುವ ನಾಲ್ಕು ಪಟ್ಟಿಗಳನ್ನು ಒಂದರ ತುದಿಗೆ ಇನ್ನೊಂದು ಅಡ್ಡವಾಗಿ ಬರುವಂತೆ ಸುತ್ತಲೂ ಜೋಡಿಸಿದರೆ ಹೊರಗೆ 5ರ ಚೌಕವೂ ನಡುವೆ 3ರ ಬರಿದಾದ ಚೌಕವೂ ಉಂಟಾಗುತ್ತವೆ. ನಾಲ್ಕು ಪಟ್ಟಿಗಳು ಕೂಡಿ 16, ಅಂದರೆ 4ರ ವರ್ಗ. ನಡುವಿನದು 9, ಒಟ್ಟು 25. ಬೀಜಗಳು ಯಾವುವೇ ಇರಲಿ, ಚಿತ್ರವು ಇದೇ. ಹೀಗೆ ಒಂದು ಸಲ ಕಣ್ಣಾರೆ ಕಂಡ ಬಾಲಕನಿಗೆ ಸೂತ್ರವು ಎಂದೂ ಮರೆಯದು.

ಕಾರಣವನ್ನು ತೋರಿಸಿ ಒಪ್ಪಿಸುವ ಈ ಮಾರ್ಗವು ಆ ಕಾಲದ ಜೈನಾಚಾರ್ಯರಿಗೆ ಹೊಸದೇನೂ ಅಲ್ಲ. ಲೋಕದ ಘನಫಲವು 343 ಘನರಜ್ಜು ಎಂಬುದು ಶ್ರಾವಕರೆಲ್ಲರೂ ಕೇಳಿರುವ ಸಂಗತಿ. ಲೋಕವು ಮೃದಂಗದಂತೆ ದುಂಡಗಿದೆಯೆಂದು ಭಾವಿಸಿದರೆ ಈ ಫಲವು ಬರುವುದಿಲ್ಲವೆಂದು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ತೋರಿಸಿದ್ದಾರೆ. ದುಂಡಾದ ಆಕಾರವನ್ನು ಅವರು ತುಂಡು ತುಂಡಾಗಿ ಸೀಳಿ, ಬಿಡಿಸಿ, ಪ್ರತಿ ತುಂಡಿನ ಫಲವನ್ನು ಕೂಡಿಸಿದಾಗ 343ರ ಅರ್ಧಕ್ಕಿಂತಲೂ ಕಡಿಮೆ ಬಂದಿತು. ಆದುದರಿಂದ ಲೋಕವು ಎಲ್ಲೆಡೆಯೂ 7 ರಜ್ಜು ದಪ್ಪವುಳ್ಳದ್ದೆಂದು ನಿರ್ಣಯಿಸಿದರು. ಆಗ ಕೆಳಗಿನ ಭಾಗ 196, ಮೇಲಿನ ಭಾಗ 147, ಒಟ್ಟು 343 ಸರಿಹೊಂದಿತು. ಆಗಮದ ವಿಷಯದಲ್ಲಿಯೂ ಆಚಾರ್ಯರು ಲೆಕ್ಕದ ಪರೀಕ್ಷೆಯನ್ನು ಬಿಡಲಿಲ್ಲ.

ಈ ಪರೀಕ್ಷೆಯ ಅಗತ್ಯವು ಗಣಿತಸಾರಸಂಗ್ರಹದಿಂದಲೇ ಮನವರಿಕೆಯಾಗುತ್ತದೆ. ಆಚಾರ್ಯರು ಆಯತವೃತ್ತವೆಂಬ ನೀಳವಾದ ವೃತ್ತವನ್ನು ವಿವರಿಸಿದ್ದಾರೆ. ವಿದ್ವಾಂಸರು ಇದನ್ನು ಇಂದಿನ ದೀರ್ಘವೃತ್ತವೆಂದು ಗುರುತಿಸಿದ್ದಾರೆ. ಇದರ ಸುತ್ತಳತೆಗೆ ಅವರು ಕೊಟ್ಟ ಸೂಕ್ಷ್ಮ ಸೂತ್ರವು ಆಶ್ಚರ್ಯಕರವಾದುದು. ಉದ್ದ 36, ಅಗಲ 12 ಇದ್ದರೆ ಸೂತ್ರದಿಂದ ಬರುವ ಸುತ್ತಳತೆ 77 ಮುಕ್ಕಾಲು, ಇಂದಿನ ಗಣಿತದಿಂದ ಬರುವುದು 80ಕ್ಕೆ ಸ್ವಲ್ಪ ಮಿಗಿಲು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಷ್ಟು ಸಮೀಪಕ್ಕೆ ಬಂದುದು ಸಾಮಾನ್ಯವಲ್ಲ. ಆದರೆ ಕ್ಷೇತ್ರಫಲಕ್ಕೆ ಅವರು ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸಬೇಕೆಂದರು. ವೃತ್ತಕ್ಕೆ ಸಲ್ಲುವ ನಿಯಮವು ಆಯತವೃತ್ತಕ್ಕೂ ಸಲ್ಲುವುದೆಂದು ಭಾವಿಸಿದಂತೆ ತೋರುತ್ತದೆ. ಇದರಿಂದ ಸುಮಾರು 233 ಬರುತ್ತದೆ, ನಿಜವಾದ ಫಲವು ಸುಮಾರು 339.

ತಪ್ಪನ್ನು ಕಂಡುಕೊಳ್ಳಲು ದೊಡ್ಡ ಗಣಿತ ಬೇಕಿಲ್ಲ. 12 ವ್ಯಾಸದ ವೃತ್ತವನ್ನು ಅಡ್ಡಡ್ಡಲಾಗಿ ತೆಳುವಾದ ಪಟ್ಟಿಗಳಾಗಿ ಸೀಳಿದಂತೆ ಎಣಿಸಿ, ಪ್ರತಿ ಪಟ್ಟಿಯನ್ನೂ ಅಗಲ ಬದಲಾಗದಂತೆ ಮೂರು ಪಟ್ಟು ಉದ್ದಕ್ಕೆ ಎಳೆದರೆ 36 ಉದ್ದದ ಆಯತವೃತ್ತವಾಗುತ್ತದೆ. ಪ್ರತಿ ಪಟ್ಟಿಯೂ ಮೂರು ಪಟ್ಟಾದುದರಿಂದ ಇಡೀ ಕ್ಷೇತ್ರವೂ ಮೂರು ಪಟ್ಟಾಗಲೇಬೇಕು. ವೃತ್ತದ ಫಲ ಸುಮಾರು 113, ಅದರ ಮೂರು ಪಟ್ಟು 339. ಇಷ್ಟನ್ನು ಒಬ್ಬ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ವಿವರಿಸಬಲ್ಲನು. ಮಹಾಪಂಡಿತರ ಕಣ್ಣಿಗೆ ತಪ್ಪಿದ್ದನ್ನು ಸಾಮಾನ್ಯ ಬಾಲಕನೂ ಹಿಡಿಯುವಂತೆ ಮಾಡುವುದೇ ಸಾಧನೆಯ ಶಕ್ತಿ.

ಇದನ್ನು ಹೇಳುವುದರಿಂದ ಆಚಾರ್ಯರ ಗೌರವಕ್ಕೆ ಕುಂದಿಲ್ಲ. ಸೂತ್ರಗ್ರಂಥಗಳಲ್ಲಿ ಉಪಪತ್ತಿಯನ್ನು, ಅಂದರೆ ಕಾರಣಸಹಿತ ವಿವರಣೆಯನ್ನು, ಬರೆಯುವ ರೂಢಿಯು ಅಂದು ಇರಲಿಲ್ಲ. ಮುಂದೆ ವ್ಯಾಖ್ಯಾನಕಾರರು ಆ ಕೆಲಸವನ್ನು ಮಾಡಿದರು. ಕೇರಳದ ಜ್ಯೇಷ್ಠದೇವನು ಹದಿನಾರನೆಯ ಶತಮಾನದಲ್ಲಿ ಮಲಯಾಳದಲ್ಲಿ ಬರೆದ ಯುಕ್ತಿಭಾಷೆಯು ಅಂತಹ ಉಪಪತ್ತಿಗಳ ಭಂಡಾರವೇ ಆಗಿದೆ. ಸಮ್ಯಗ್ಜ್ಞಾನವು ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರು ದೋಷಗಳಿಂದ ದೂರವಾಗಿರಬೇಕೆಂದು ನಮ್ಮ ಶಾಸ್ತ್ರಗಳು ಬೋಧಿಸುತ್ತವೆ. ಹಿರಿಯರು ಹೇಳಿದರೆಂಬ ಒಂದೇ ಕಾರಣದಿಂದ ತಪ್ಪನ್ನು ಉಳಿಸಿಕೊಳ್ಳುವುದು ಸತ್ಯವ್ರತಿಯಾದ ಆಚಾರ್ಯರಿಗೆ ಸಲ್ಲಿಸುವ ವಂದನೆಯಲ್ಲ.

ಗ್ರಂಥವು ಉಳಿದುಬಂದ ಬಗೆಯೂ ಸ್ಮರಣೀಯ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನು ಕ್ಷೇತ್ರಗಣಿತ, ವ್ಯವಹಾರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದು ಈ ವಿದ್ಯೆಯನ್ನು ಜನರ ಭಾಷೆಗೆ ಇಳಿಸಿದನು. ಶಾಸ್ತ್ರದಾನವನ್ನು ಪುಣ್ಯವೆಂದು ಬಗೆದ ಶ್ರಾವಕರು ಮೂಲ ಗ್ರಂಥವನ್ನು ಓಲೆಗಳಲ್ಲಿ ಬರೆಯಿಸಿ ಕಾಪಾಡಿದರು. ಅವುಗಳಲ್ಲಿ ಕೆಲವು ಕನ್ನಡ ಲಿಪಿಯವು. ಮದ್ರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಇಂತಹ ಪ್ರತಿಗಳನ್ನು ಪರಿಶೀಲಿಸಿ 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಗ್ರಂಥವನ್ನು ಮುದ್ರಿಸಿದ ಮೇಲೆ ಜಗತ್ತು ಮಹಾವೀರಾಚಾರ್ಯರನ್ನು ಅರಿಯಿತು. 1963ರಲ್ಲಿ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದವನ್ನೂ, 2000ದಲ್ಲಿ ಹೊಂಬುಜ ಜೈನ ಮಠವು ಪ್ರೊಫೆಸರ್ ಪದ್ಮಾವತಮ್ಮನವರ ಕನ್ನಡ ಅನುವಾದವನ್ನೂ ಪ್ರಕಟಿಸಿದವು.

ಜತ್ತ ತಾಲೂಕಿನಲ್ಲಿ ಮಕ್ಕಳು ಕನ್ನಡ ಮತ್ತು ಮರಾಠಿ ಎರಡೂ ಮಾಧ್ಯಮಗಳಲ್ಲಿ ಭೂಮಿತಿಯನ್ನು ಕಲಿಯುತ್ತಾರೆ. ಪಕ್ಷ, ಸಾಧ್ಯ, ರಚನೆ, ಸಿದ್ಧತೆ ಎಂಬ ಕ್ರಮವನ್ನು ಅಂಕಗಳಿಗಾಗಿ ಬಾಯಿಪಾಠ ಮಾಡಿ, ಆಕೃತಿಯ ಅಕ್ಷರಗಳು ಬದಲಾದರೆ ತಡವರಿಸುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಅವರಲ್ಲಿ ಬುದ್ಧಿಯ ಕೊರತೆಯಿಲ್ಲ. ಏಕೆ ಎಂದು ಕೇಳುವ ಅವಕಾಶವು ಅವರಿಗೆ ದೊರೆಯಬೇಕು. ರಟ್ಟು, ಕತ್ತರಿ, ದಾರ ಇಷ್ಟಿದ್ದರೆ ಮನೆಯ ಪಡಸಾಲೆಯೂ ಪಾಠಶಾಲೆಯಾಗಬಲ್ಲದು. ಗೋದಾವರಿಯಿಂದ ಕಾವೇರಿಯವರೆಗಿನ ನಾಡಿಗೆ ಲೆಕ್ಕವನ್ನು ಕಲಿಸಿದ ಆಚಾರ್ಯರ ಸೂತ್ರಗಳನ್ನು ಮಕ್ಕಳು ತಮ್ಮ ಕೈಯಿಂದಲೇ ಪರೀಕ್ಷಿಸಿ, ಸರಿಯಾದುದನ್ನು ಸರಿಯೆಂದೂ ತಪ್ಪಾದುದನ್ನು ತಪ್ಪೆಂದೂ ಕಾರಣ ಸಹಿತವಾಗಿ ಹೇಳುವಂತಾಗಲಿ. ಆ ಪುಣ್ಯಪುರುಷರ ಸ್ಮರಣೆಯು ಅದರಿಂದ ಸಾರ್ಥಕವಾಗುವುದು.