ಮಾನ್ಯತಾ ಪತ್ರವಿಲ್ಲದೆ ಯುದ್ಧ ವರದಿ ಮಾಡಿದ ವಿಲಿಯಂ ರಸೆಲ್

ಸೇನೆಯ ಸುದ್ದಿ ಬರೆಯುವ ಪತ್ರಕರ್ತರಿಗೆ ಇಂದು ಮಾನ್ಯತಾ ಪತ್ರವಿದೆ, ಬೆನ್ನಿಗೆ ನಿಲ್ಲಲು ವೃತ್ತಿಸಂಘಗಳಿವೆ. ಭಾರತದ ರಕ್ಷಣಾ ಸಚಿವಾಲಯ ಪತ್ರಕರ್ತರಿಗೆಂದೇ ರಕ್ಷಣಾ ವರದಿಗಾರಿಕೆಯ ತರಬೇತಿಯನ್ನೂ ನಡೆಸುತ್ತದೆ. ಇದಾವುದೂ ಇಲ್ಲದ ಕಾಲದಲ್ಲಿ ಒಂಟಿಯಾಗಿ ರಣರಂಗಕ್ಕೆ ಹೋದವರು 'ದಿ ಟೈಮ್ಸ್' ಪತ್ರಿಕೆಯ ವಿಲಿಯಂ ಹೋವರ್ಡ್ ರಸೆಲ್.

ರಸೆಲ್ ಹುಟ್ಟಿದ್ದು 1820ರಲ್ಲಿ, ಐರ್ಲೆಂಡಿನ ಡಬ್ಲಿನ್ ಬಳಿ. ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ ಓದಿ ಲಂಡನ್ನಿಗೆ ಬಂದವರು ಸಂಸತ್ತಿನ ಕಲಾಪಗಳನ್ನು ವರದಿ ಮಾಡುತ್ತಿದ್ದರು. 1854ರಲ್ಲಿ ರಷ್ಯಾ ವಿರುದ್ಧ ಬ್ರಿಟನ್ ಯುದ್ಧಕ್ಕೆ ಸಜ್ಜಾದಾಗ ಸಂಪಾದಕ ಜಾನ್ ಡಿಲೇನ್ ಅವರನ್ನು ಸೇನೆಯ ಜೊತೆ ಕಳುಹಿಸಿದರು. ಕೆಲವೇ ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸ ಸುಮಾರು ಎರಡು ವರ್ಷ ಹಿಡಿಯಿತು.

ಡೇರೆಯಿಲ್ಲ, ಪಡಿತರವಿಲ್ಲ

ಸೇನೆಗೆ ರಸೆಲ್ ಬೇಡದ ಅತಿಥಿ. ದಂಡನಾಯಕ ಲಾರ್ಡ್ ರಾಗ್ಲನ್ ಅವರಿಗೆ ಅಧಿಕೃತ ಮನ್ನಣೆ ಕೊಡಲಿಲ್ಲ. ಆರಂಭದಲ್ಲಿ ಊಟ, ವಸತಿಯನ್ನೂ ಅವರೇ ಹೊಂದಿಸಿಕೊಳ್ಳಬೇಕಾಯಿತು. ದೂರು ಕೊಡೋಣವೆಂದರೆ ಬ್ರಿಟನ್ನಿನಲ್ಲಿ ಪತ್ರಕರ್ತರ ರಾಷ್ಟ್ರೀಯ ಸಂಘವೇ ಇರಲಿಲ್ಲ. ಅವರಿಗಿದ್ದ ಬಲವೆಂದರೆ ಸಂಪಾದಕರ ಬೆಂಬಲ ಮತ್ತು ಮನಬಿಚ್ಚಿ ಮಾತನಾಡುತ್ತಿದ್ದ ಕಿರಿಯ ಅಧಿಕಾರಿಗಳು, ಸೈನಿಕರು.

ಆಲ್ಮಾ ಕದನವನ್ನೂ, 1854ರ ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ನಡೆದ ಅಶ್ವದಳದ ಆತ್ಮಘಾತಕ ದಾಳಿಯನ್ನೂ ರಸೆಲ್ ವರದಿ ಮಾಡಿದರು. ಆದರೆ ಬ್ರಿಟನ್ನನ್ನು ಕಲಕಿದ್ದು ಚಳಿಗಾಲದ ವರದಿಗಳು. ಬೆಚ್ಚನೆಯ ಬಟ್ಟೆಯಿಲ್ಲದೆ, ಹೊಟ್ಟೆಗಿಲ್ಲದೆ, ಕಾಲರಾ ಮತ್ತು ಭೇದಿಯಿಂದ ಸೈನಿಕರು ಸಾಯುತ್ತಿದ್ದುದನ್ನು ಅವರು ಮುಚ್ಚುಮರೆಯಿಲ್ಲದೆ ಬರೆದರು. ಗಾಯಾಳುಗಳ ಆಸ್ಪತ್ರೆಯ ದುಸ್ಥಿತಿಯನ್ನು ಸಹೋದ್ಯೋಗಿ ಥಾಮಸ್ ಚೆನರಿ ಬಯಲಿಗೆಳೆದರು. ಫ್ಲಾರೆನ್ಸ್ ನೈಟಿಂಗೇಲ್ ದಾದಿಯರ ತಂಡದೊಂದಿಗೆ ಹೊರಟದ್ದು ಈ ವರದಿಗಳು ಎಬ್ಬಿಸಿದ ಆಕ್ರೋಶದ ನಡುವೆಯೇ. 1855ರ ಜನವರಿಯಲ್ಲಿ ಪ್ರಧಾನಿ ಅಬರ್ಡೀನ್ ಸರ್ಕಾರ ಉರುಳಿತು.

ಸೇನೆಯ ದೂರಿನಲ್ಲೂ ಹುರುಳಿತ್ತು. ತುಕಡಿಗಳ ನೆಲೆ, ಮದ್ದುಗುಂಡಿನ ವಿವರ ಪತ್ರಿಕೆಯಲ್ಲಿ ಬಂದರೆ ಶತ್ರುವಿಗೆ ನೆರವಾಗುತ್ತದೆ ಎಂಬುದು ರಾಗ್ಲನ್ ವಾದ. 1856ರ ಫೆಬ್ರವರಿಯಲ್ಲಿ ಜನರಲ್ ಕಾಡ್ರಿಂಗ್ಟನ್ ಅಂಥ ವಿವರ ಪ್ರಕಟಿಸುವುದನ್ನು ನಿಷೇಧಿಸಿ, ಮೀರಿದವರನ್ನು ಹೊರಹಾಕುವ ಆದೇಶ ಹೊರಡಿಸಿದರು. ಯುದ್ಧ ಆಗಲೇ ಮುಗಿಯುತ್ತಾ ಬಂದಿತ್ತು. ಆದರೆ ಸೇನಾ ಸೆನ್ಸಾರ್‌ಶಿಪ್‌ಗೆ ಅದು ಅಡಿಪಾಯವಾಯಿತು.

ಲಕ್ನೋದಿಂದ ಅಮೆರಿಕಕ್ಕೆ

1858ರಲ್ಲಿ ರಸೆಲ್ ಭಾರತಕ್ಕೆ ಬಂದಾಗ ಚಿತ್ರ ಬದಲಾಗಿತ್ತು. ದಂಡನಾಯಕ ಸರ್ ಕಾಲಿನ್ ಕ್ಯಾಂಪ್‌ಬೆಲ್ ಅವರನ್ನು ಆದರದಿಂದ ಬರಮಾಡಿಕೊಂಡರು. ಆದರೂ ರಸೆಲ್ ಲೇಖನಿ ಮೆತ್ತಗಾಗಲಿಲ್ಲ. ಲಕ್ನೋದ ಕೈಸರ್‌ಬಾಗ್ ಅರಮನೆಯಲ್ಲಿ ಬ್ರಿಟಿಷ್ ಪಡೆ ನಡೆಸಿದ ಲೂಟಿಯನ್ನು ಅವರು ದಾಖಲಿಸಿದರು. ವಿಚಾರಣೆಯ ಗೋಜಿಲ್ಲದೆ ಭಾರತೀಯರನ್ನು ಗಲ್ಲಿಗೇರಿಸುತ್ತಿದ್ದುದನ್ನು ಖಂಡಿಸಿದರು.

ಅಮೆರಿಕದಲ್ಲಿ ಮತ್ತೆ ಬಾಗಿಲು ಮುಚ್ಚಿತು. 1861ರ ಜುಲೈನಲ್ಲಿ ಬುಲ್ ರನ್ ಕದನದಿಂದ ಉತ್ತರದ ಸೈನಿಕರು ದಿಕ್ಕೆಟ್ಟು ಓಡಿದ್ದನ್ನು ಕಂಡಂತೆ ಬರೆದದ್ದೇ ತಪ್ಪಾಯಿತು. ಅಲ್ಲಿನ ಪತ್ರಿಕೆಗಳು ಅವರ ಮೇಲೆ ಮುಗಿಬಿದ್ದವು. ಮರುವರ್ಷ ಸೇನೆಯ ಜೊತೆ ಹೋಗಲು ಸರ್ಕಾರ ಅನುಮತಿ ನಿರಾಕರಿಸಿತು. ರಸೆಲ್ ಬರಿಗೈಯಲ್ಲಿ ಊರಿಗೆ ಮರಳಿದರು.

ಮುಂದೆ ಯುರೋಪಿನ ಯುದ್ಧಗಳನ್ನೂ, 1879ರಲ್ಲಿ ದಕ್ಷಿಣ ಆಫ್ರಿಕಾದ ಜುಲು ಯುದ್ಧದ ಕಾಲದ ಬೆಳವಣಿಗೆಗಳನ್ನೂ ಅವರು ವರದಿ ಮಾಡಿದರು. 1895ರಲ್ಲಿ ಸರ್ ಪದವಿ ಬಂತು. ಅಷ್ಟರಲ್ಲಿ ಪತ್ರಕರ್ತರೂ ಒಗ್ಗೂಡತೊಡಗಿದ್ದರು. 1884ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಅವರ ಸಂಘಕ್ಕೆ 1890ರಲ್ಲಿ ರಾಜಮನ್ನಣೆ ಸಿಕ್ಕಿತ್ತು. 1907ರ ಫೆಬ್ರವರಿ 10ರಂದು ರಸೆಲ್ ನಿಧನರಾದರು. ಪತ್ರಕರ್ತರ ರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು ಅದೇ ವರ್ಷ.

ಮಾನ್ಯತೆ ಸಿಕ್ಕರೆ ರಣರಂಗದ ಬಾಗಿಲು ತೆರೆಯುತ್ತದೆ, ಆದರೆ ಅದನ್ನು ಕೊಟ್ಟವರು ಹಿಂಪಡೆಯಲೂಬಹುದು. ಹಾಗಾದಾಗ ಪತ್ರಕರ್ತ ಒಂಟಿಯಾಗದಂತೆ ನೋಡಿಕೊಳ್ಳುವುದೇ ವೃತ್ತಿಸಂಘದ ಕೆಲಸ. ರಸೆಲ್‌ಗೆ ಬಾಗಿಲು ಮುಚ್ಚಿದಾಗ ಕೇಳುವವರಿರಲಿಲ್ಲ.