ಎಸ್. ನಿಜಲಿಂಗಪ್ಪ: ಗಡಿಯಾಚೆ ಹುಟ್ಟಿ ನಾಡು ಕೂಡಿಸಿದವರು

1956ರ ನವೆಂಬರ್ 1ರಂದು ಪಾವಗಡ ಸೀಮೆಯ ಎರಡು ಮಗ್ಗುಲಿನ ಇಬ್ಬರು ಎರಡು ಹೊಸ ರಾಜ್ಯಗಳ ಮುಖ್ಯಮಂತ್ರಿಗಳಾದರು. ಅನಂತಪುರ ಜಿಲ್ಲೆಯ ಇಲ್ಲೂರಿನ ನೀಲಂ ಸಂಜೀವ ರೆಡ್ಡಿ ಆಂಧ್ರಪ್ರದೇಶದ ಪ್ರಥಮ ಮುಖ್ಯಮಂತ್ರಿಯಾದರೆ, ಚಿತ್ರದುರ್ಗದ ವಕೀಲ ಸಿದ್ದವನಹಳ್ಳಿ ನಿಜಲಿಂಗಪ್ಪ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. 13 ವರ್ಷಗಳ ಬಳಿಕ ಈ ಇಬ್ಬರ ಹೆಸರುಗಳು ಮತ್ತೆ ಒಂದಾಗಿ ಕೇಳಿಬಂದಾಗ ಕಾಂಗ್ರೆಸ್ ಪಕ್ಷವೇ ಇಬ್ಭಾಗವಾಯಿತು.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಆಡಳಿತದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು. ಆದರೆ ಈ ಬಯಲುಸೀಮೆಯ ಮಣ್ಣು, ಮಳೆ, ಬವಣೆಗಳೆಲ್ಲ ಚಿತ್ರದುರ್ಗದವೇ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಶಿರಾ ಮತ್ತು ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿವೆ. ನಿಜಲಿಂಗಪ್ಪ ಬೆಂಗಳೂರಿನಿಂದ ದುರ್ಗಕ್ಕೆ ಮರಳುವ ಹೆದ್ದಾರಿಯೂ ಶಿರಾ ಮೂಲಕವೇ ಸಾಗುತ್ತಿತ್ತು. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ಪಕ್ಕದ ಮಡಕಶಿರಾದ ಕನ್ನಡಿಗರು 1953ರಿಂದ ಆಂಧ್ರದ ಪ್ರಜೆಗಳು. ಗಡಿಗೆರೆಯೊಂದು ಜನರ ಬದುಕನ್ನು ಹೇಗೆ ಸೀಳುತ್ತದೆಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.

ನಿಜಲಿಂಗಪ್ಪ ಅವರಿಗೂ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. 1902ರ ಡಿಸೆಂಬರ್ 10ರಂದು ಅವರು ಜನಿಸಿದ ಹಲುವಾಗಲು ಗ್ರಾಮ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು; ವಿದ್ಯಾಭ್ಯಾಸ ನಡೆದ ದಾವಣಗೆರೆ ಮತ್ತು ಚಿತ್ರದುರ್ಗಗಳು ಮೈಸೂರು ಸಂಸ್ಥಾನದವು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಪದವಿ ಪಡೆದು, 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಮುಗಿಸಿ, ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. 1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆದಾಗ ಮುಂಚೂಣಿಯಲ್ಲಿ ನಿಂತು ಸೆರೆಮನೆ ಕಂಡರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯತ್ವ, 1952ರಲ್ಲಿ ಲೋಕಸಭಾ ಸದಸ್ಯತ್ವ ಅವರನ್ನು ಅರಸಿ ಬಂದವು.

ಆದರೆ ಅವರ ಆಯುಷ್ಯದ ದೊಡ್ಡ ಕೆಲಸ ಏಕೀಕರಣ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದ್ ಮತ್ತು ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾಗಬೇಕೆಂಬ ಮಾತು ಇಂದು ಸಹಜವಾಗಿ ಕೇಳುತ್ತದೆ. ಅಂದು ಹಳೇ ಮೈಸೂರಿನಲ್ಲೇ ಅದಕ್ಕೆ ಬಲವಾದ ಪ್ರತಿರೋಧವಿತ್ತು. ಹಿಂದುಳಿದ ಉತ್ತರದ ಜಿಲ್ಲೆಗಳು ಸಂಸ್ಥಾನದ ಬೊಕ್ಕಸಕ್ಕೆ ಹೊರೆಯಾಗುತ್ತವೆ, ರಾಜಕೀಯ ಹಿಡಿತ ಕೈತಪ್ಪುತ್ತದೆ ಎಂಬ ಆತಂಕ ಪ್ರಬಲವಾಗಿತ್ತು. ಎರಡೂ ಕಡೆಯ ನಂಟಿದ್ದ ನಿಜಲಿಂಗಪ್ಪ ಈ ಆತಂಕಕ್ಕೆ ಮಣಿಯಲಿಲ್ಲ.

ಏಕೀಕರಣದ ಫಲ ಅವರಿಗೇ ವಿಚಿತ್ರ ರೀತಿಯಲ್ಲಿ ದೊರೆಯಿತು. 1958ರಲ್ಲಿ ಬಿ.ಡಿ. ಜತ್ತಿ ಅವರಿಗೆ ಅಧಿಕಾರ ಬಿಟ್ಟುಕೊಟ್ಟಿದ್ದ ಅವರು 1962ರ ವಿಧಾನಸಭಾ ಚುನಾವಣೆಯಲ್ಲಿ ತಮ್ಮದೇ ಸೀಮೆಯ ಹೊಸದುರ್ಗದಲ್ಲಿ ಪರಾಭವಗೊಂಡರು. ಎಸ್.ಆರ್. ಕಂಠಿ ಕೆಲಕಾಲ ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪ ಬಾಗಲಕೋಟೆಯಿಂದ ಆಯ್ಕೆಯಾದೊಡನೆ ಸ್ಥಾನ ತೆರವು ಮಾಡಿದರು. ಮನೆಯವರು ಸೋಲಿಸಿದವರನ್ನು ಮುಂಬಯಿ ಕರ್ನಾಟಕ ಕೈಹಿಡಿಯಿತು. ಅಧಿಕಾರವನ್ನು ಕೇಳಿದ ದಿನವೇ ಹಿಂದಿರುಗಿಸಿದ ಕಂಠಿಯವರ ನಡೆಯೂ ಸ್ಮರಣಾರ್ಹ.

1962ರಿಂದ 1968ರವರೆಗಿನ ಆಡಳಿತದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ವಿದ್ಯುತ್ ರಾಜ್ಯಕ್ಕೆ ಹರಿಯಿತು. 1964ರಲ್ಲಿ ಆಲಮಟ್ಟಿಗೆ ಶಂಕುಸ್ಥಾಪನೆಯಾಯಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಗೊಂಡವು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ನೀಡಿದ ವರದಿಯಲ್ಲಿ ಬೆಳಗಾವಿ ಮೈಸೂರಿನಲ್ಲೇ ಉಳಿಯಬೇಕು, ಕಾಸರಗೋಡು ಮೈಸೂರಿಗೆ ಸೇರಬೇಕು ಎಂದು ಶಿಫಾರಸು ಮಾಡಿತು. ಬೆಳಗಾವಿ ಉಳಿಯಿತು, ಕಾಸರಗೋಡು ಬರಲಿಲ್ಲ.

1967ರಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗಲೂ ಮೈಸೂರಿನಲ್ಲಿ ಬಹುಮತ ಉಳಿಸಿಕೊಂಡದ್ದು ಅವರನ್ನು 1968ರಲ್ಲಿ ಅಖಿಲ ಭಾರತ ಅಧ್ಯಕ್ಷ ಪದವಿಗೇರಿಸಿತು. ಆ ಏರಿಕೆಯೇ ರಾಜಕೀಯ ಬದುಕಿನ ಕೊನೆಯ ಅಂಕವಾಯಿತು. 1969ರ ಮೇನಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ನಾಯಕರು ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿಯನ್ನಾಗಿ ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿ ಪ್ರತ್ಯುತ್ತರ ನೀಡಿದರು. ಎರಡನೇ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರೊಂದಿಗೆ ನಿಜಲಿಂಗಪ್ಪ ಮಾತುಕತೆ ನಡೆಸಿದ್ದು ತಪ್ಪು ಲೆಕ್ಕಾಚಾರವಾಯಿತು. ಆತ್ಮಸಾಕ್ಷಿಯ ಮತದ ಕೂಗಿಗೆ ಅದೇ ನೆಪವಾಗಿ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪ ನೇತೃತ್ವದ ಕಾರ್ಯಸಮಿತಿ ಹಾಲಿ ಪ್ರಧಾನಿಯನ್ನೇ ಉಚ್ಚಾಟಿಸಿತು. ಪಕ್ಷದ ಶಿಸ್ತು ಪ್ರಧಾನಿಗೂ ಅನ್ವಯಿಸಬೇಕೆಂಬ ಅವರ ನಿಲುವಿನಲ್ಲಿ ತತ್ವವಿತ್ತು, ಜನಬಲವಿರಲಿಲ್ಲ. 1971ರಲ್ಲಿ ಮೈಸೂರಿನ 27 ಲೋಕಸಭಾ ಸ್ಥಾನಗಳೂ ಇಂದಿರಾ ಪಾಲಾದವು. ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ನಿಜಲಿಂಗಪ್ಪ ಅಷ್ಟರಲ್ಲಿ ಅಧಿಕಾರ ರಾಜಕಾರಣದಿಂದ ದೂರ ಸರಿದಿದ್ದರು. ಅವರು ಕೂಡಿಸಿದ ನಾಡಿಗೆ ಕರ್ನಾಟಕವೆಂಬ ಹೆಸರು 1973ರಲ್ಲಿ ಬಂದಾಗ ಮುಖ್ಯಮಂತ್ರಿಯ ಪೀಠದಲ್ಲಿದ್ದವರು ಡಿ. ದೇವರಾಜ ಅರಸು.

ಉಳಿದ ಕಾಲವನ್ನು ಚಿತ್ರದುರ್ಗದ ಮನೆಯಲ್ಲಿ ಸರಳವಾಗಿ ಕಳೆದ ಅವರು 2000ದ ಆಗಸ್ಟ್‌ನಲ್ಲಿ, 97ನೇ ವಯಸ್ಸಿನಲ್ಲಿ ನಿಧನರಾದರು. ಊರ ಹೊರಗಿನ ಸೀಬಾರದಲ್ಲಿ ನಿರ್ಮಿಸಿದ ಸ್ಮಾರಕವನ್ನು 2011ರಲ್ಲಿ ದಲೈ ಲಾಮಾ ಉದ್ಘಾಟಿಸಿದರು.

ಶರಾವತಿ, ಕೃಷ್ಣೆಯರನ್ನು ಪಳಗಿಸಲು ಮುಂದಾದ ಸರ್ಕಾರದ ಮುಖ್ಯಸ್ಥರ ಸ್ವಂತ ಸೀಮೆಗೆ ಮಾತ್ರ ಭದ್ರಾ ಮೇಲ್ದಂಡೆಯ ನೀರು ಅವರ ಜೀವಿತಕಾಲದಲ್ಲಿ ಬರಲಿಲ್ಲ. ಬೆಳಕಿನ ಕಥೆ ಬೇರೆ. ಶರಾವತಿಯ ಮುಖ್ಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್ ಆದರೆ, ಪಾವಗಡದ ತಿರುಮಣಿ ಸುತ್ತಲಿನ ಸೌರ ಪಾರ್ಕ್ 2019ರ ಹೊತ್ತಿಗೆ 2,050 ಮೆಗಾವ್ಯಾಟ್ ಮುಟ್ಟಿತು. ಅದು ಎದ್ದುನಿಂತಿರುವುದು ಮಳೆ ಕೈಕೊಟ್ಟ ರೈತರು ಗುತ್ತಿಗೆಗೆ ನೀಡಿದ ಹೊಲಗಳಲ್ಲಿ. ಚಿತ್ರದುರ್ಗದ ಜೊತೆಗೆ ಶಿರಾ, ಪಾವಗಡಗಳಿಗೂ ನೀರುಣಿಸಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು.